ಬೋರ ಸೊಳ್ಳೆ ಓಡಿಸಿದ್ದು

ಹೂಂ ಅನ್ನೋರು ಹೂಂ ಅನ್ನಿ, ಹೂಂ ಅನ್ನದೋರು ಸೊಳ್ಳೆ ಹೊಡ್ಕೊಂಡು ಕೂತ್ಕೊಳ್ಳಿ. ಕತೆಗೆ ಎರಡೂ ಒಳ್ಳೇದೇ.

ಮಡಕೆಕೊಪ್ಪಲು ಅಂತ ಒಂದೂರು. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ಕುಂಬಾರಗಿತ್ತಿ. ಗಂಡ ತೀರಿಹೋಗಿ ಬಹಳ ಕಾಲ ಆಗಿತ್ತು. ಇದ್ದೋನು ಒಬ್ಬನೇ ಮಗ, ಬೋರಶೆಟ್ಟಿ. ಊರೆಲ್ಲಾ ಕರೆಯೋದು ಬೋರ ಅಂತ. ಮೂವತ್ತು ವರ್ಷದ ಆಳು. ಮಣ್ಣು ತುಳಿಯೋಕೆ ನಿಂತ ಅಂದರೆ ಇಬ್ಬರ ಕೆಲಸ ಒಬ್ಬನೇ ಮಾಡೋನು. ಆದರೆ ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವನ ಗುಣ, ಅದೇ ಅವನ ರೋಗ.

"ಮಗಾ, ಒಲೆ ಒಸಿ ನೋಡ್ಕೋ" ಅಂತ ಚಿಕ್ಕತಾಯಮ್ಮ ಹೇಳಿಹೋದರೆ ಒಲೇನೇ ನೋಡ್ತಾ ಕೂತಿರೋನು. ಹಾಲು ಉಕ್ಕಿ, ಹರಿದು, ಅವನ ಕಾಲಬುಡಕ್ಕೆ ಬಂದರೂ ಒಲೆಯಿಂದ ಕಣ್ಣು ಕೀಳೋನಲ್ಲ.

"ಹಾಲು ಉಕ್ಕಿದ್ದ ನೋಡಲಿಲ್ವೇನ್ಲಾ!"

"ಒಲೆ ನೋಡ್ಕೋ ಅಂದೆ ಅವ್ವ. ಹಾಲು ನೋಡ್ಕೋ ಅನ್ನಲಿಲ್ಲ."

"ಅಯ್ಯೋ ದೇವರೇ, ಮಗನ್ನ ಕೊಟ್ಟೆ, ಮಗನಿಗೆ ಬುದ್ಧಿ ಕೊಡೋದ ಮರ್ತೆಯಲ್ಲೋ!" ಅಂತ ತಾಯಿ ಹಣೆ ಚಚ್ಚಿಕೊಳ್ಳೋಳು.

ಇಂಥೋನಿಗೆ ಯಾರು ಹೆಣ್ಣು ಕೊಡ್ತಾರೆ? ಯಾರೂ ಕೊಡಲಿಲ್ಲ. ಕೊನೆಗೆ ಚಿಕ್ಕತಾಯಮ್ಮನ ತಮ್ಮ, ಬಿದರಕಟ್ಟೆ ಮಾದಶೆಟ್ಟಿ, ಅಕ್ಕನ ಕಣ್ಣೀರು ನೋಡಲಾರದೆ ಮಗಳು ದೇವೀರಿಯನ್ನ ಕೊಟ್ಟ. ಕೊಟ್ಟ ಅನ್ನೋದಕ್ಕಿಂತ ದೇವೀರಿಯೇ ಬಂದಳು ಅನ್ನಬೇಕು. ಚಿಕ್ಕಂದಿನಿಂದ ನೋಡಿದ್ದಳು ಬಾವನ್ನ. ಅವನ ಹತ್ತಿರ ಹೆಂಗೆ ಮಾತಾಡಬೇಕು ಅಂತ ಭೂಮಿ ಮೇಲೆ ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಬಾವ, ಅಂಗಡಿಗೆ ಹೋಗು. ಉಪ್ಪು ತಗೋ. ಉಪ್ಪು ಹಿಡ್ಕೊಂಡು ನೀನೂ ಮನೆಗೆ ಬಾ. ಬಂದು ಉಪ್ಪನ್ನ ಗೂಡಲ್ಲಿ ಇಡು. ಇಟ್ಟು ನನ್ನ ಪಕ್ಕ ಕೂತ್ಕೋ."

ಬೋರ ಹೋಗೋನು, ಬರೋನು, ಇಡೋನು, ಪಕ್ಕ ಕೂತ್ಕೊಳ್ಳೋನು. ಒಂದೂ ತಪ್ಪೋನಲ್ಲ. ಎರಡು ವರ್ಷ ಆ ಮನೇಲಿ ಹಣೆ ಚಚ್ಚಿಕೊಂಡ ಸದ್ದೇ ಕೇಳಲಿಲ್ಲ.

ಮೂರನೇ ವರ್ಷ ಮಳೆ ಚೆನ್ನಾಗಿ ಹಿಡೀತು. ಕುಂಬಾರರ ಮನೆ ಅಲ್ವಾ, ಅಂಗಳದ ತುಂಬ ಮಾರಾಟವಾಗದ ಮಡಕೆ, ಕುಡಿಕೆ, ಒಡೆದ ಬಾನಿ. ಒಂದೊಂದರಲ್ಲೂ ಗುಟುಕು ಗುಟುಕು ಮಳೆನೀರು. ನೀರೊಳಗೆ ಡೊಂಕು ಡೊಂಕಾಗಿ ಕುಣಿಯೋ ಹುಳ. ಅದನ್ನ ಯಾರು ನೋಡಿದರು? ವಾರ ಕಳೆದರೆ ಹುಳಕ್ಕೆ ರೆಕ್ಕೆ ಬಂತು. ಕಾಲಿಗೆ ಬಿಳಿ ಬಳೆ ತೊಟ್ಟಂಥ ಕರೀ ಸೊಳ್ಳೆ. ಒಂದು ದಿನ ದೇವೀರಿ ಮಡಕೆ ತಟ್ಟುತಾ ತಟ್ಟುತಾ ಹಂಗೇ ಒರಗಿಬಿಟ್ಟಳು. ಮೈ ಕೆಂಡ. ಕಣ್ಣುಗುಡ್ಡೆ ಹಿಂದೆ ನೋವು. ಕೀಲು ಕೀಲೆಲ್ಲಾ ಮುರಿದಂಗೆ. ಮೂರನೇ ದಿನ ತೋಳ ಮೇಲೆ ಕೆಂಪು ಚುಕ್ಕಿ ಎದ್ದವು.

ತಾಲ್ಲೂಕು ಆಸ್ಪತ್ರೇಲಿ ಏಳು ದಿನ ಮಲಗಿದ್ದಳು. ಡಾಕ್ಟರು ಹೇಳಿದರು: "ಡೆಂಗ್ಯೂ ಜ್ವರ. ಈ ಸಲ ಗೆದ್ದೆಯಮ್ಮ. ಇದರಲ್ಲಿ ನಾಲ್ಕು ತರ ಇದೆ. ಇನ್ನೊಂದು ತರದ್ದು ಅಂಟಿಕೊಂಡರೆ ಮೊದಲಿಗಿಂತ ಜೋರಾಗಬಹುದು. ಸೊಳ್ಳೆ ಕಚ್ಚದಂಗೆ ನೋಡ್ಕೋಬೇಕು."

ಮಾದಶೆಟ್ಟಿ ಮಗಳನ್ನ ಆಸ್ಪತ್ರೆಯಿಂದ ಸೀದಾ ಬಿದರಕಟ್ಟೆಗೆ ಕರ್ಕೊಂಡು ಹೊರಟ. ಬಸ್ಸು ಹತ್ತೋ ಮೊದಲು ದೇವೀರಿ ಗಂಡನ ಅಂಗಿ ತೋಳು ಹಿಡಿದು ಹೇಳಿದಳು: "ಬಾವ, ನಮ್ಮನೇಲಿ ಸೊಳ್ಳೆ ಇಲ್ಲದಂಗೆ ಮಾಡು. ಆವತ್ತೇ ಬತ್ತೀನಿ."

ಜ್ವರದಲ್ಲಿ ಬೆಂದು ಬಂದ ಹೆಣ್ಣು, ಪೂರ್ತಿ ಬಿಡಿಸಿ ಹೇಳೋ ತ್ರಾಣ ಅವಳಿಗಿರಲಿಲ್ಲ. ಅಷ್ಟು ಹೇಳಿ ಹತ್ತಿಬಿಟ್ಟಳು. ಬಸ್ಸು ಹೋಯ್ತು. ಬೋರ ಧೂಳು ಅಡಗೋವರೆಗೂ ನಿಂತಿದ್ದ. ಅಡಗಿದ ಮೇಲೂ ನಿಂತಿದ್ದ.

ಮನೆಗೆ ಬಂದರೆ ಮನೆ ಅನ್ನೋದು ಸುಟ್ಟ ಮಡಕೆ ಹಂಗೆ ಟೊಣ್ ಅಂತಿತ್ತು. ಅವಳ ಚಾಪೆ ಹಾಸಿದಲ್ಲೇ ಇತ್ತು. ಸುತ್ತೋಕೆ ಹೋದಳು ತಾಯಿ. ಬೋರ ಬಿಡಲಿಲ್ಲ. ದಿನಾ ನಾಲ್ಕು ಗಂಟೆ ಬಸ್ಸು ಹಾರನ್ ಹೊಡೆದರೆ ಕೈಯ ಮಣ್ಣನ್ನೂ ತೊಳೆಯದೆ ಓಡೋನು. ಇಳಿದೋರ ಮುಖ ಒಂದೊಂದೇ ನೋಡೋನು. ನೋಡಿ ವಾಪಸ್ಸು ಬರೋನು.

ಮೂರನೇ ದಿನಕ್ಕೆ ಆಶಾ ಕಾರ್ಯಕರ್ತೆ ಶಿವಗಂಗಕ್ಕ ಮನೆ ಮನೆ ತಿರುಗ್ತಾ ಬಂದಳು. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಬೈದರೂ ನಗೋ ಮುಖ. ಬೋರ ಹೋಗಿ ಎದುರಿಗೆ ನಿಂತ.

"ಅಕ್ಕಾ, ಸೊಳ್ಳೆ ಇಲ್ಲದಂಗೆ ಮಾಡೋದು ಹೆಂಗೆ?"

"ಬಹಳ ಸುಲಭ ಬೋರಣ್ಣ. ಸೊಳ್ಳೆ ಮೊಟ್ಟೆ ಇಡೋದು ನಿಂತ ನೀರಲ್ಲಿ. ನೀರು ನಿಲ್ಲೋದಕ್ಕೆ ಬಿಡಬೇಡ. ಅಷ್ಟೇ."

ಅಷ್ಟೇನಾ! ಬೋರನಿಗೆ ರೆಕ್ಕೆ ಬಂದಂಗಾಯ್ತು. ಚಿಕ್ಕತಾಯಮ್ಮ ಸಂತೆಗೆ ಹೋಗಿದ್ದಳು. ಸಂಜೆ ಬಂದು ನೋಡ್ತಾಳೆ, ಮಗ ನೀರಿನ ದೊಡ್ಡ ಬಾನಿ ಮುಂದೆ ಕುಕ್ಕರುಗಾಲಲ್ಲಿ ಕೂತವನೆ. ಕೈಯಲ್ಲಿ ಮುದ್ದೆ ತಿರುವೋ ಕೋಲು. ನೀರನ್ನ ಗರಗರ ಗರಗರ ತಿರುಗಿಸ್ತಾವನೆ. ತೋಳು ಊದಿಕೊಂಡದೆ, ಬೆವರು ಇಳೀತಾ ಅದೆ.

"ಏನ್ಲಾ ಇದು!"

"ನೀರು ನಿಲ್ಲದಂಗೆ ನೋಡ್ಕೋತಾ ಇವ್ನಿ ಅವ್ವ! ಬೆಳಿಗ್ಗೆಯಿಂದ ಒಂದು ಗಳಿಗೆ ನಿಲ್ಲಕ್ಕೆ ಬುಟ್ಟಿಲ್ಲ! ಹೇಳಿದಂಗೇ ಮಾಡಿದೆ. ಈಗ ದೇವೀರಿ ಬತ್ತಾಳಾ?"

"ಬತ್ತಾಳೆ, ನಿನ್ನ ತಲೆ! ನಿಂತ ನೀರ ಚೆಲ್ಲಬೇಕು ಕಣ್ಲಾ! ಮಡಕೆ ಬೋರಲು ಹಾಕಬೇಕು! ಬೋರ ಅಂತ ಹೆಸರಿಟ್ಕೊಂಡು ಬೋರಲು ಹಾಕೋದು ಗೊತ್ತಿಲ್ವಾ? ಕಂಡ ಕಂಡ ಮಡಕೆ ಎಲ್ಲಾ ಬೋರಲು ಹಾಕು!"

"ಹಂಗೇ ಆಗ್ಲಿ ಅವ್ವ."

ಮಾರನೇ ದಿನ ಬೆಳಿಗ್ಗೆ ಬೋರ ಅಂಗಳದ ಮಡಕೆ ಅಷ್ಟೂ ಬೋರಲು ಹಾಕಿದ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ, ದೇವೀರಿ ಆ ವಾರವೇ ಬರ್ತಿದ್ದಳು. ಆದರೆ ಕಂಡ ಕಂಡ ಮಡಕೆ ಅಂದಿದ್ದಾಳಲ್ಲ ತಾಯಿ! ಒಳಗೆ ಹೋದ. ಒಲೆ ಮೇಲೆ ಮಡಕೆ ಕಂಡಿತು. ಅದರಲ್ಲಿ ಹುರುಳಿ ಸಾರು. ಬೋರಲು. ಮೂಲೇಲಿ ಮಡಕೆ ಕಂಡಿತು. ಅದರಲ್ಲಿ ಮಜ್ಜಿಗೆ. ಬೋರಲು. ಬೀದಿಗೆ ಬಂದ. ಪಕ್ಕದ ಮನೆ ಈರಶೆಟ್ಟಿ ಮೊಮ್ಮಗಳಿಗೆ ಆವತ್ತು ನಾಮಕರಣ. ಹಿತ್ತಲಲ್ಲಿ ಸಾಲಾಗಿ ಮಡಕೆ. ಪಾಯಸ ಬೋರಲು, ತಿಳಿಸಾರು ಬೋರಲು. ಮೂರನೇದಕ್ಕೆ ಕೈ ಹಾಕ್ತಿದ್ದಂಗೆ ಈರಶೆಟ್ಟಿ ಸೌದೆ ಹಿಡ್ಕೊಂಡು ಓಡಿಬಂದ.

"ಲೋ ಬೋರ! ಯಾವ ದೆವ್ವ ಮೆಟ್ಕೊಂತಲಾ ನಿಂಗೆ!"

"ದೆವ್ವ ಅಲ್ಲ ಈರಣ್ಣ, ಸೊಳ್ಳೆ! ಒಸಿ ತಡಿ, ಇನ್ನೊಂದೇ ಅದೆ!"

ಬೆನ್ನ ಮೇಲೆ ಸೌದೆ ಏಟು ಬಿತ್ತು. ಏಟು ತಿಂದುಕೊಂಡೇ ಬೋರ ಆ ಮೂರನೇದನ್ನೂ ಬೋರಲು ಹಾಕಿ ಬಂದ. ದೇವೀರಿ ಬರಬೇಕಲ್ಲ!

ಚಿಕ್ಕತಾಯಮ್ಮ ಈರಶೆಟ್ಟಿ ಕಾಲು ಹಿಡಿದು, ಮನೇಲಿದ್ದ ಬೆಲ್ಲ ಅಕ್ಕಿ ಎಲ್ಲಾ ಹೊತ್ತುಕೊಟ್ಟು ಬಂದಳು. ಬಂದು ಮಗನ ಬೆನ್ನಿಗೆ ಎಣ್ಣೆ ಹಚ್ಚುತಾ ಹಚ್ಚುತಾ ಬೈದಳು.

"ಉಣ್ಣೋದು ಕುಡಿಯೋದನ್ನ ಚೆಲ್ತಾರೇನ್ಲಾ ಪೆದ್ದೇ!"

"ಹೇಳಿದಂಗೇ ಮಾಡಿದೆ ಕಣವ್ವ. ಹಂಗಾರೆ ದೇವೀರಿ ಬರಕ್ಕಿಲ್ವಾ?"

ಚಿಕ್ಕತಾಯಮ್ಮ ಮೆತ್ತಗೆ ಅಂದಳು: "ಚೆಲ್ಲಬಾರದ ನೀರು ಇರ್ತದೆ ಮಗಾ. ಅದಕ್ಕೆ ಬಾಯಿಗೆ ಬಟ್ಟೆ ಕಟ್ಟಬೇಕು. ಆಗ ಸೊಳ್ಳೆ ಒಳಕ್ಕೆ ಹೋಗಿ ಮೊಟ್ಟೆ ಇಡಾಂಗಿಲ್ಲ. ಒಳಗೆ ನೀರಿರೋದು ಎಲ್ಲೇ ಕಾಣಲಿ, ಬಾಯಿಗೆ ಬಟ್ಟೆ ಕಟ್ಟು."

"ಹಂಗೇ ಆಗ್ಲಿ ಅವ್ವ."

ಬೋರ ತಾಯಿ ಹಳೇ ಸೀರೆ ಹರಿದ. ಬಾನಿಗೆ ಕಟ್ಟಿದ, ಕೊಡಕ್ಕೆ ಕಟ್ಟಿದ. ಆಮೇಲೆ ಯೋಚನೆ ಮಾಡಿದ. ಒಳಗೆ ನೀರಿರೋದು ಇನ್ನೇನು? ತಲೆ ಎತ್ತಿ ನೋಡಿದರೆ ತೆಂಗಿನಮರದ ತುಂಬ ಎಳನೀರು! ಹಳೇ ಸೀರೆ ಮುಗಿದಿತ್ತು. ಹೊಸದನ್ನ ಹರಿದ. ಮರ ಹತ್ತಿ ಒಂದೊಂದು ಕಾಯಿಗೂ ಗಂಟು ಹಾಕಿದ. ಇಳಿದು ಬಂದರೆ ಈರಶೆಟ್ಟಿ ಜಗಲಿ ಮೇಲೆ ಕೂತು ಬಾಯಿ ಮುಕ್ಕಳಿಸ್ತಾವನೆ. ಕೆನ್ನೆ ಎರಡೂ ಉಬ್ಬಿಕೊಂಡದೆ. ಒಳಗೆ ನೀರದೆ!

ಬೋರ ಹಿಂದಿನಿಂದ ಹೋಗಿ ಟವೆಲ್ ಬಿಗಿದೇಬಿಟ್ಟ.

ಈ ಸಲ ಸೌದೆಯಲ್ಲಿ ಮುಗೀಲಿಲ್ಲ. ಊರೇ ಸೇರಿತು. ತೆಂಗಿನಮರದ ತುಂಬ ಚಿಕ್ಕತಾಯಮ್ಮನ ರೇಷ್ಮೆ ಸೀರೆಯ ಚೂರು ಗಾಳೀಲಿ ಪಟಪಟ ಅಂತಿದ್ದವು. ಮಕ್ಕಳು ಕುಣಿದವು, ದೊಡ್ಡೋರು ಹೊಟ್ಟೆ ಹಿಡ್ಕೊಂಡು ನಕ್ಕರು. ಬೋರನೂ ನಕ್ಕ. ಎಲ್ಲರೂ ನಗ್ತಾವರೆ ಅಂದರೆ ಒಳ್ಳೇದೇ ಆಗಿರಬೇಕು ಅಂತ ನಕ್ಕ. ಅಷ್ಟರಲ್ಲಿ ನಾಲ್ಕು ಗಂಟೆ ಬಸ್ಸಿನ ಹಾರನ್ ಕೇಳಿಸಿತು. ನಗೋದ ಬಿಟ್ಟು ಓಡಿದ. ಇಬ್ಬರು ಇಳಿದರು. ಇಬ್ಬರೂ ಬೇರೆ ಯಾರೋ.

ಗಲಾಟೆ ಸುದ್ದಿ ಕೇಳಿ ನಾಲ್ಕು ದಿನಕ್ಕೆ ಶಿವಗಂಗಕ್ಕ ಬಂದಳು. ಚಿಕ್ಕತಾಯಮ್ಮ ಅವಳ ಮುಂದೆ ಅತ್ತಳು: "ನೀನಾರ ಏನಾರ ಹೇಳವ್ವ. ಸೊಸೆ ಇಲ್ಲದೆ ಇವನು ದಿನಾ ಒಣಗ್ತಾ ಅವ್ನೆ. ನಂಗೂ ಅವಳಿಲ್ಲದೆ ಮುದ್ದೆ ಇಳಿಯಾಂಗಿಲ್ಲ."

"ನೀರಿನ ಕೆಲಸ ಚೆನ್ನಾಗೇ ಆಗಿದೆ ತಾಯಮ್ಮ, ಅಂಗಳದಲ್ಲಿ ಒಂದು ಹುಳ ಇಲ್ಲ" ಅಂದಳು ಶಿವಗಂಗಕ್ಕ. "ಇನ್ನು ಉಳಿದಿರೋದು ರೆಕ್ಕೆ ಬಂದ ಸೊಳ್ಳೆ. ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆ ಕಟ್ಟೋಕೆ ಅದಕ್ಕೆ ರಕ್ತ ಬೇಕು. ಇದು ಹಗಲು ಹೊತ್ತಲ್ಲೇ ಕಚ್ಚುತ್ತೆ. ಬೆಳಿಗ್ಗೆ ಮತ್ತೆ ಇಳಿಹೊತ್ತಲ್ಲಿ ಜಾಸ್ತಿ. ಆ ಹೊತ್ತಲ್ಲಿ ಕಿಟಕಿ ಬಾಗಿಲು ಹಾಕಿಟ್ಟುಕೊಳ್ಳಿ."

ಚಿಕ್ಕತಾಯಮ್ಮ ಮಗನ ಕಡೆ ತಿರುಗಿದಳು. "ಕೇಳಿಸ್ತೇನ್ಲಾ? ನಾಳೆ ನಾನು ಸಂತೆಗೆ ಹೋಯ್ತೀನಿ. ನೀನು ಕಿಟಕಿ ಬಾಗಿಲು ಹಾಕ್ಕೊಂಡು ಒಳಗೆ ಕೂತಿರು. ಏನನ್ನೂ ಮುಟ್ಟಬ್ಯಾಡ. ಯಾರ ಹತ್ರನೂ ಹೋಗಬ್ಯಾಡ. ನಾನು ಬರೋಗಂಟ ಯಾರ್ ಬಂದ್ರೂ ಬಾಗಿಲು ತೆಗೀಬ್ಯಾಡ."

"ಹಂಗೇ ಆಗ್ಲಿ ಅವ್ವ."

ಆ ದಿನವೇ ಬರಬೇಕೇ ಅವಳು!

ಬಿದರಕಟ್ಟೇಲಿ ದೇವೀರಿಗೆ ಮೈ ಚೇತರಿಸಿತ್ತು, ಮನಸ್ಸು ಚೇತರಿಸಿರಲಿಲ್ಲ. ಮಡಕೆಕೊಪ್ಪಲಿನ ಕಡೆಯಿಂದ ಬಂದೋರೆಲ್ಲಾ ತೆಂಗಿನಮರದ ಕತೆ ಹೇಳಿ ನಗೋರು. ಅವಳು ನಗ್ತಾ ನಗ್ತಾ ಒಳಗೆ ಹೋಗಿ ಕಣ್ಣು ಒರೆಸ್ಕೊಳ್ಳೋಳು. ಕೊನೆಗೆ ಅಪ್ಪನ್ನ ಕಾಡಿ ಬೇಡಿ ಹೊರಡಿಸಿದಳು: "ಒಂದ್ಸಲ ನೋಡ್ಕೊಂಡು ಬರಾನ ಅಪ್ಪಯ್ಯ. ಸರಿ ಕಂಡ್ರೆ ಅಲ್ಲೇ ಇದ್ದುಬುಡ್ತೀನಿ."

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಇಳಿದು ಬಂದರು. ಅಂಗಳದಲ್ಲಿ ಮಡಕೆ ಎಲ್ಲಾ ಬೋರಲು ಬಿದ್ದಿದ್ದವು. ದೇವೀರಿಗೆ ಎದೆ ತುಂಬಿಬಂತು. ಬಾಗಿಲು ತಟ್ಟಿದಳು.

"ಬಾವ, ನಾನು. ಬಾಗಿಲು ತೆಗಿ."

ಒಳಗೆ ಏನೋ ಧಡ್ ಅಂತ ಬಿತ್ತು. "ದೇವೀರಿ! ಬಂದೇಬುಟ್ಟ್ಯಾ!"

"ಬಂದೆ. ತೆಗಿ."

"ತೆಗೆಯಂಗಿಲ್ಲ."

"ಯಾಕೆ ಬಾವ?"

"ಅವ್ವ ಬರೋಗಂಟ ಯಾರ್ ಬಂದ್ರೂ ತೆಗೀಬ್ಯಾಡ ಅಂದವ್ಳೆ."

"ನಾನು ಯಾರೋ ಅಲ್ಲ ಬಾವ. ನಿನ್ನ ಹೆಂಡ್ತಿ."

ಬೋರ ಅಷ್ಟು ಕಷ್ಟಪಟ್ಟು ಜನ್ಮದಲ್ಲಿ ಯೋಚನೆ ಮಾಡಿರಲಿಲ್ಲ. ಕೈ ಚಿಲಕದ ಮೇಲಿತ್ತು. ಚಿಲಕ ಎಳೆದರೆ ದೇವೀರಿ. ಎಳೆದರೆ ಸೊಳ್ಳೆ. ಸೊಳ್ಳೆ ಬಂದರೆ ದೇವೀರಿಗೆ ಜ್ವರ.

"ಹೆಂಡ್ತಿ ಬಂದ್ರೆ ತೆಗಿ ಅಂತ ಅವ್ವ ಹೇಳಿಲ್ಲ ದೇವೀರಿ" ಅಂದ. "ನಿಂಗೋಸ್ಕರಾನೇ ಹಾಕಿರೋದು."

ಅವಳು ಆಮೇಲೆ ಬಲವಂತ ಮಾಡಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಜಗಲಿ ಮೇಲೆ ಕೂತಳು. ಒಳಗಡೆ ಅವನೂ ಬಾಗಿಲಿಗೆ ಒರಗಿ ಕೂತ.

"ಉಂಡ್ಯಾ ಬಾವ?"

"ಉಂಡೆ. ನೀನು?"

"ಉಂಡೆ. ಬೆನ್ನು ನೋಯ್ತದಾ? ಈರಣ್ಣ ಹೊಡೆದ್ನಂತಲ್ಲ."

"ಈಗಿಲ್ಲ. ನಿಂಗೆ ಕಾಲು ನೋವು?"

"ಮೆಟ್ಟಿಲು ಹತ್ತುವಾಗ ಒಸಿ ಅದೆ."

"ಹತ್ತಬ್ಯಾಡ ಹಂಗಾರೆ."

"ಹೂಂ."

ಹಂಗೇ ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರೂ ಕೂತಿದ್ದರು, ನಡುವೆ ಒಂದು ಅಂಗುಲ ಹಲಗೆ. ಮಾದಶೆಟ್ಟಿ ಅಂಗಳದಲ್ಲಿ ಶತಪಥ ಹಾಕ್ತಾನೇ ಇದ್ದ. ಬಿಸಿಲು ಇಳೀತು. ದೇವೀರಿ ಕಾಲ ಹತ್ತಿರ ಗುಂಯ್ ಅಂತ ಒಂದು ಸೊಳ್ಳೆ ಸುಳೀತು. ಮಾದಶೆಟ್ಟಿಗೆ ತಡೆಯೋಕಾಗಲಿಲ್ಲ.

"ಏಳವ್ವ! ಇಳಿಹೊತ್ತಾಯ್ತು, ಇದು ಕಚ್ಚೋ ಹೊತ್ತು! ಕಟ್ಕೊಂಡ ಹೆಂಡ್ತಿಗೆ ಬಾಗಿಲು ತೆಗೆಯದ ಗಂಡ! ಎಲ್ಲಾರ ಉಂಟಾ? ಇನ್ನು ನನ್ನ ಮಗಳನ್ನ ಈ ಮನೆಗೆ ಕಳಿಸಿದ್ರೆ ಕೇಳು!"

ನಾಲ್ಕು ಗಂಟೆ ಬಸ್ಸು ಹಾರನ್ ಹೊಡೀತು. ಬೋರ ಅಭ್ಯಾಸಕ್ಕೆ ದಡಕ್ಕನೆ ಎದ್ದ. ಎದ್ದೋನು ನಿಂತಲ್ಲೇ ನಿಂತ. ಆವತ್ತು ಬಸ್ಸು ಅವಳನ್ನ ಕರ್ಕೊಂಡು ಹೋಗೋಕೆ ಬಂದಿತ್ತು.

ಚಿಕ್ಕತಾಯಮ್ಮ ಬಂದು, ಕೇಳಿ, ಕುಸಿದು ಕೂತಳು.

"ಬಾಗಿಲು ಹಾಕು ಅಂದದ್ದು ಸೊಳ್ಳೆಗೆ ಕಣ್ಲಾ, ಹೆಂಡ್ತಿಗಲ್ಲ! ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ!"

ಬೋರ ಬೈಗುಳ ಕೇಳ್ತಾನೇ ಇರಲಿಲ್ಲ. ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. "ಇಲ್ಲಿ ಒರಗಿಕೊಂಡಿದ್ಲು ಅವ್ವ. ಬಾಗಿಲು ಬೆಚ್ಚಗಿತ್ತು. ಈಗ ತಣ್ಣಗಾಗೋಯ್ತು."

ತಾಯಿ ಸೆರಗಲ್ಲಿ ಕಣ್ಣು ಮೂಗು ಒರೆಸಿಕೊಂಡಳು. "ನಾಳೆ ಬೆಳಿಗ್ಗೆ ಎದ್ದು ಬಿದರಕಟ್ಟೆಗೆ ಹೋಗು. ನಿನ್ನೊಳಗೆ ಇರೋದನ್ನ ಅವಳಿಗೆ ಮುಟ್ಟಿಸು. ಮುಟ್ಟಿಸದೆ ಮಾತ್ರ ಬರಬ್ಯಾಡ!"

"ನನ್ನೊಳಗೆ ಏನದೆ ಅವ್ವ?"

"ಬಸ್ಸು ಬಂದಾಗೆಲ್ಲಾ ಎದ್ದು ಓಡ್ತೀಯಲ್ಲಪ್ಪ, ಅದು!"

ಬೋರನಿಗೆ ಅರ್ಥ ಆಯ್ತು. ಎದೆ ಮುಟ್ಟಿ ನೋಡ್ಕೊಂಡ. ಹೌದು, ಅದೆ. ಬಹಳ ದಿನದಿಂದ ಅದೆ. ಆದರೆ ಮುಟ್ಟಿಸೋದು ಹೆಂಗೆ?

ಮಾರನೇ ದಿನ ಒಗೆದ ಅಂಗಿ ಹಾಕಿ ಹೊರಟ. ಊರ ಬಾಗಿಲಿನ ಅಂಗನವಾಡಿ ಜಗಲೀಲಿ ಶಿವಗಂಗಕ್ಕ ಹೆಂಗಸರನ್ನ ಕೂರಿಸಿಕೊಂಡು ಒಂದು ಚಿತ್ರಪಟ ತೋರಿಸ್ತಿದ್ದಳು. ದಾಟಿ ಹೋಗ್ತಿದ್ದ ಬೋರನ ಕಿವಿಗೆ ಬಿತ್ತು:

"ಒಬ್ಬರೊಳಗೆ ಇರೋದನ್ನ ಇನ್ನೊಬ್ಬರಿಗೆ ಮುಟ್ಟಿಸೋರು ಯಾರು? ಸೊಳ್ಳೆ!"

ಬೋರ ಗಕ್ಕನೆ ನಿಂತ. "ಅಕ್ಕಾ, ಇನ್ನೊಂದ್ಸಲ ಹೇಳು!"

"ಬಾ ಬೋರಣ್ಣ, ನೀನೂ ಕೇಳ್ಕೋ. ಜ್ವರ ಬಂದೋರ ರಕ್ತದಲ್ಲಿ ಕಣ್ಣಿಗೆ ಕಾಣದ ವೈರಸ್ ಇರುತ್ತೆ. ಸೊಳ್ಳೆ ಕಚ್ಚಿದಾಗ ರಕ್ತದ ಜೊತೆ ಅದೂ ಸೊಳ್ಳೆ ಹೊಟ್ಟೆಗೆ ಹೋಗುತ್ತೆ. ಅಲ್ಲಿ ಒಂದು ಎರಡಾಗುತ್ತೆ, ಎರಡು ನೂರಾಗುತ್ತೆ. ಎಂಟು ಹತ್ತು ದಿನಕ್ಕೆ ಸೊಳ್ಳೆಯ ಎಂಜಲಿಗೆ ಬಂದು ಸೇರುತ್ತೆ. ಆಮೇಲೆ ಆ ಸೊಳ್ಳೆ ಯಾರಿಗೆ ಸೂಜಿ ಚುಚ್ಚುತ್ತೋ ಅವರ ರಕ್ತಕ್ಕೆ ಬಿಟ್ಟುಬಿಡುತ್ತೆ."

"ತಪ್ಪದೆ ಮುಟ್ಟಿಸ್ತದಾ?"

"ಅದಕ್ಕೇ ಅಲ್ವಾ ಮನೆಗೆ ಒಬ್ಬರಿಗೆ ಬಂದರೆ ಬೀದಿಗೆಲ್ಲಾ ಬರೋದು!"

"ಬಾಯಲ್ಲಿ ಮಾತಾಡಿದ್ರೆ ಮುಟ್ಟಾಂಗಿಲ್ವಾ?"

"ಮಾತಾಡಿದರೆ ಮುಟ್ಟಲ್ಲ, ಕೈ ಹಿಡಿದರೆ ಮುಟ್ಟಲ್ಲ, ಪಕ್ಕ ಕೂತರೆ ಮುಟ್ಟಲ್ಲ. ಈ ಜ್ವರ ಮುಟ್ಟಿಸೋದು ಸೊಳ್ಳೇನೇ."

ಬೋರನ ಮುಖ ದೀಪ ಹಚ್ಚಿದಂಗಾಯ್ತು. ಇಷ್ಟು ದಿನ ಇದನ್ನಾ ಓಡಿಸೋಕೆ ಹೋಗಿದ್ದು! "ಎಷ್ಟು ದೂರ ಹೋಗಿ ಮುಟ್ಟಿಸ್ತದೆ ಅಕ್ಕ? ಬಿದರಕಟ್ಟೆಗಂಟ ಹೋಯ್ತದಾ?"

"ಅಷ್ಟು ದೂರ ಎಲ್ಲಿ ಹಾರುತ್ತೆ! ಹುಟ್ಟಿದ ಜಾಗದಿಂದ ನಾಲ್ಕು ಮನೆ, ಒಂದು ಬೀದಿ. ಅಷ್ಟೇ."

"ಹಂಗಾರೆ ಹತ್ರ ಹೋಗೇ ಕೂರಬೇಕು" ಅಂತ ತನ್ನಷ್ಟಕ್ಕೆ ಅಂದುಕೊಂಡು ಬೋರ ಬಿರಬಿರನೆ ಹೆಜ್ಜೆ ಹಾಕಿದ. ಶಿವಗಂಗಕ್ಕ ಕೂಗಿದಳು, ಅವನು ತಿರುಗಲಿಲ್ಲ.

ಎಂಟು ಮೈಲಿ ನಡೆದ. ಮಾವನ ಮನೆ ಮುಂಬಾಗಿಲಿಗೆ ಹೋಗಲಿಲ್ಲ. ಸುತ್ತಿಕೊಂಡು ಹಿತ್ತಲಿಗೆ ಹೋದ. ಅಲ್ಲಿ ದನಕ್ಕೆ ನೀರು ಕುಡಿಸೋ ಕಲ್ಲುಬಾನಿ. ನುಗ್ಗೆಮರದ ನೆರಳು. ಅಂಗಿ ಬಿಚ್ಚಿ ಮಡಿಸಿಟ್ಟ. ಬಾನಿ ಪಕ್ಕ ಚಕ್ಕಂಬಕ್ಕಳ ಹಾಕಿ, ತೋಳು ಎರಡೂ ಮುಂದೆ ಚಾಚಿ ಕೂತ.

ಇಳಿಹೊತ್ತಿಗೆ ಒಂದು ಬಂತು. ಬಿಳಿ ಬಳೆ ಕಾಲಿನದು. ಮೊಣಕೈ ಮೇಲೆ ಕೂತಿತು.

"ಬಾ ತಾಯಿ" ಅಂದ ಬೋರ, ಅಲುಗಾಡದೆ. "ಹೊಟ್ಟೆ ತುಂಬ ಕುಡಿ. ಬಾಗಿಲು ತೆಗೀದೇ ಇದ್ದದ್ದು ತಪ್ಪಾಯ್ತು ಅಂತ ನೀನು ಹೇಳು."

ಎರಡನೇದು ಬಂತು. "ನೀನು, ಅವಳ ಚಾಪೆ ಸುತ್ತಿಲ್ಲ ಅಂತ ಹೇಳು."

ಮೂರನೇದು ಬಂತು. "ನೀನು, ದಿನಾ ಬಸ್ಸಿಗೆ ಹೋಯ್ತೀನಿ ಅಂತ ಹೇಳು. ಇಳಿದೋರಲ್ಲಿ ಅವಳಿಲ್ಲದಿದ್ರೆ ನಂಗೆ ಹೆಂಗಾಯ್ತದೆ ಅದನ್ನೂ ಹೇಳು. ಅದು ಹೆಂಗಾಯ್ತದೆ ಅಂತ ನಂಗೆ ಹೇಳಕ್ಕೆ ಬರಾಂಗಿಲ್ಲ. ರಕ್ತದಲ್ಲಿರ್ತದಂತೆ, ನೀನೇ ನೋಡಿ ತಗೋ."

ಒಣಗಿದ ಬಟ್ಟೆ ತೆಗೆಯೋಕೆ ಹಿತ್ತಲಿಗೆ ಬಂದ ದೇವೀರಿ ನುಗ್ಗೆಮರದ ಹಿಂದೆ ನಿಂತು ಅದನ್ನೆಲ್ಲಾ ಕೇಳಿದಳು. ಕೇಳ್ತಾ ಕೇಳ್ತಾ ಕೈಯಲ್ಲಿದ್ದ ಬಟ್ಟೆ ಜಾರಿಬಿತ್ತು.

"ಬಾವ! ಏನ್ ಮಾಡ್ತಾ ಇದ್ದೀಯ! ಮೈಯೆಲ್ಲಾ ದದ್ದು ಎದ್ದದಲ್ಲೋ!"

"ಶ್! ಮೆಲ್ಲಗೆ! ಹೇಳಿ ಕಳಿಸ್ತಾ ಇವ್ನಿ. ನೀನು ಒಳಗೆ ಹೋಗು, ಹತ್ತು ದಿನಕ್ಕೆ ನಿಂಗೆ ಮುಟ್ಟುತದೆ."

"ಯಾರ್ಗೆ ಹೇಳಿ ಕಳಿಸ್ತಾ ಇದ್ದೀಯ?"

"ನಿಂಗೇ."

"ನಾನು ಇಲ್ಲೇ ಇದ್ದೀನಲ್ಲೋ! ಬಾಯಿಬುಟ್ಟು ಹೇಳಬಾರದಾ?"

ಬೋರ ತಲೆ ಆಡಿಸಿದ. "ಬಾಯಲ್ಲಿ ಹೇಳಿದ್ರೆ ಕಿವಿಗಂಟ ಹೋಯ್ತದೆ, ಅಷ್ಟೇ. ಸೊಳ್ಳೆ ಆದ್ರೆ ರಕ್ತಕ್ಕೇ ಹಾಕ್ತದಂತೆ."

ದೇವೀರಿ ನಕ್ಕಳೋ ಅತ್ತಳೋ ಅವಳಿಗೇ ಗೊತ್ತಾಗಲಿಲ್ಲ. ಅವನ ಕೈ ಹಿಡಿದು ಎಬ್ಬಿಸಿದಳು. ಪಡಸಾಲೇಲಿ ಅವಳಿಗೆ ಅಂತ ಮಾದಶೆಟ್ಟಿ ಸೊಳ್ಳೆಪರದೆ ಕಟ್ಟಿದ್ದ. ಹಗಲೂ ಅವಳು ಅದರೊಳಗೇ ಕೂತಿರಬೇಕು ಅಂತ ಅಪ್ಪನ ಆಜ್ಞೆ. ಗಂಡನ್ನ ಅದರೊಳಗೆ ಕೂರಿಸಿ, ದದ್ದಿನ ಮೇಲೆಲ್ಲಾ ತಣ್ಣೀರ ಬಟ್ಟೆ ಒತ್ತಿದಳು.

"ನಾಳೆ ಬೆಳಿಗ್ಗೆ ಬಸ್ಸಿಗೆ ನಿನ್ನ ಜೊತೆ ಬತ್ತೀನಿ ಬಾವ. ಅಪ್ಪಯ್ಯನಿಗೆ ನಾನು ಹೇಳ್ತೀನಿ. ಈ ಪರದೆ ಹೊತ್ಕೊಂಡೇ ಹೋಗಾನ. ಅಂಗಳದಲ್ಲಿ ಮಡಕೆ ಬೋರಲು ಇರೋದ ನಾನೇ ಕಣ್ಣಾರ ಕಂಡೆ. ನಿನ್ನಷ್ಟು ನಿಗಾ ಮಾಡೋರು ಈ ಸೀಮೇಲಿ ಯಾರವ್ರೆ?"

ಬೋರನಿಗೆ ಸಂತೋಷ ಆಯ್ತು. ಆದರೂ ಮುಖ ಬಾಡಿತ್ತು. ಪರದೆಯನ್ನ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದ. "ಇದರೊಳಕ್ಕೆ ಸೊಳ್ಳೆ ಬರಾಂಗಿಲ್ವಾ?"

"ಬರಾಂಗಿಲ್ಲ. ಅದಕ್ಕೇ ಕಟ್ಟಿರೋದು. ಒಂದು ನಿಮಿಷ ಇರು, ನೀರು ತತ್ತೀನಿ."

ಅವಳು ಒಳಗೆ ಹೋಗಿ ಚೆಂಬು ತರೋವಷ್ಟರಲ್ಲಿ ಬೋರ ಹಿತ್ತಲಿಗೆ ಹೋಗಿ ಬಂದಿದ್ದ. ಪರದೆಯೊಳಗೆ ಅವಳ ಎದುರಿಗೆ ಕೂತು, ಗುಬ್ಬಿಮರಿ ಹಿಡಿದಂಗೆ ಜೋಡಿಸಿದ್ದ ಎರಡು ಅಂಗೈಯನ್ನ ಮೆಲ್ಲಗೆ ಬಿಚ್ಚಿದ.

ಗುಂಯ್.

"ಹೋಗು ತಾಯಿ. ಇವಳೇ ದೇವೀರಿ."

ಹೊಟ್ಟೆ ಕೆಂಪಗೆ ಉಬ್ಬಿದ ಸೊಳ್ಳೆ ಭಾರಕ್ಕೆ ಮೇಲೇರಲಾರದೆ ತೇಲ್ತಾ ಬಂತು. ದೇವೀರಿ ಎರಡೂ ಕೈ ಎತ್ತಿ ಚಟ್ ಅಂತ ಬಡಿದಳು. ಬಡಿದು, ಅಂಗೈ ಬಿಡಿಸಿ ಗಂಡನ ಮುಂದೆ ಹಿಡಿದಳು. ನಡುಮಧ್ಯದಲ್ಲಿ ಒಂದು ಹನಿ ಕೆಂಪು.

"ನೋಡು ಬಾವ. ನಿನ್ನ ರಕ್ತ, ನನ್ನ ಕೈ. ಮುಟ್ಟಿತು."

"ಮುಟ್ಟಿತಾ?"

"ಮುಟ್ಟಿತು ಬಾವ. ಪೂರ್ತಿ ಮುಟ್ಟಿತು."

ಬೋರ ಆ ಹನಿಯನ್ನ ನೋಡಿದ, ಅವಳ ಮುಖ ನೋಡಿದ. ಅವಳ ಕಣ್ಣು ತುಂಬಿಕೊಂಡದೆ. ಮುಟ್ಟಿರೋದು ನಿಜವೇ! ಹತ್ತು ದಿನ ಅಂದಿದ್ದಳು ಶಿವಗಂಗಕ್ಕ, ಒಂದೇ ಗಳಿಗೇಲಿ ಮುಟ್ಟಿಬಿಡ್ತಲ್ಲ!

"ದೇವೀರಿ, ಅದು ಒಂದೇ ಮಾತು ಕಣೆ. ಇನ್ನೂ ಬಹಳ ಅದೆ!" ಅಂತ ಎದ್ದು ನಿಂತ. ಅವಳು ಬೇಡ ಬೇಡ ಅನ್ನೋವಷ್ಟರಲ್ಲಿ ಪರದೆಯ ನಾಲ್ಕೂ ಮಗ್ಗುಲು ಎತ್ತಿ ಮೇಲೆ ಕಟ್ಟಿದ. ಹಿತ್ತಲ ಬಾಗಿಲು ತೆಗೆದ, ಮುಂಬಾಗಿಲು ತೆಗೆದ, ಕಿಟಕಿ ಎರಡೂ ತೆಗೆದ. ತೆಗೆದು, ಕಲ್ಲುಬಾನಿ ಕಡೆ ತಿರುಗಿ, ಮದುವೆ ಮನೇಲಿ ಬೀಗರನ್ನ ಕರೆಯೋ ಹಂಗೆ ಕೈ ಮುಗಿದು ಕೂಗಿದ:

"ಬನ್ರವ್ವಾ, ಬನ್ನಿ! ನೂಕಾಡಬ್ಯಾಡಿ, ಎಲ್ಲಾರ್ಗೂ ಜಾಗ ಅದೆ!"